ಇಂಜಿನ್ನಿನ ವಾಲ್ವು ಅರೆಯುವ ಸಾಮಾನು: ಮನೆಗೆ ಯಾವುದು ಬೇಕು, ಯಾವುದು ಬೇಡ



ಇಂದು ನಾನು ಹೇಳಬೇಕೆಂದಿರುವದು ಬೀಜ, ಗೊಬ್ಬರದ ವಿಷಯವಲ್ಲ. ಹಳ್ಳದ ದಂಡೆಯಲ್ಲಿ, ಕೃಷಿ ಹೊಂಡದ ಬದಿಗೆ ಕೂತು ನೀರೆತ್ತುವ ಡೀಸೆಲ್ ಇಂಜಿನ್ನಿನ ವಿಷಯ. ಅದರಲ್ಲಿಯೂ ಅದರ ಒಂದು ಸಣ್ಣ ಅಂಗವಾದ ವಾಲ್ವು, ಮತ್ತು ಆ ವಾಲ್ವು ಕೂಡ್ರುವ ಸೀಟು, ಇವೆರಡರ ವಿಷಯ.

ನಮ್ಮ ಧಾರವಾಡ ಜಿಲ್ಲೆಯಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳ, ಬೇಡ್ತಿಹಳ್ಳಗಳ ದಂಡೆಗೆ ಇಂಜಿನ್ನು ಇಟ್ಟು ನೀರೆತ್ತುವದು ಹಳೆಯ ರೂಢಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಕುಂದಗೋಳ, ನವಲಗುಂದ, ಹುಬ್ಬಳ್ಳಿ ತಾಲೂಕುಗಳ ಎರೆಹೊಲಗಳಲ್ಲಿ ಹೊಂಡಗಳು ಆದವು. ಹೊಂಡದ ಸಂಗಡ ಡೀಸೆಲ್ ಪಂಪುಸೆಟ್ಟೂ ಬಂತು. ಮಳೆ ಕೈಕೊಟ್ಟ ಹದಿನೈದು ದಿನ ಮೆಣಸಿನಕಾಯಿಗೆ, ಹತ್ತಿಗೆ ಒಂದು ನೀರು ಕೊಟ್ಟು ಪೀಕು ಉಳಿಸಿಕೊಳ್ಳುವ ಸಲುವಾಗಿ ಅದು ಇರುವದು. ಅಂಥ ಇಂಜಿನ್ನು ವರುಷದಲ್ಲಿ ಬಹಳ ದಿನ ಸುಮ್ಮನೆ ನಿಂತಿರುತ್ತದೆ. ಬೇಕಾದ ದಿನ ಮಾತ್ರ ಚಾಲೂ ಆಗಲೇಬೇಕು.

ಆದರೆ ಆ ದಿನವೇ ಅದು ಹಟ ಹಿಡಿಯುತ್ತದೆ. "ಸಾಹೇಬ್ರ, ಮೊದಲ ಒಂದ ಏಟಿಗೆ ಚಾಲೂ ಆಗ್ತಿತ್ತು. ಈಗ ಇಬ್ರು ಹ್ಯಾಂಡಲ್ ತಿರುವಿದ್ರೂ ಬರೇ ಹೊಗಿ ಉಗಳತೈತಿ," ಎಂದು ಹೇಳುವವರು ಬಹಳ ಮಂದಿ. ಅವರಲ್ಲಿ ಐ.ಟಿ.ಐ. ಕಲಿತ ಹುಡುಗರು ಇನ್ನೂ ಒಂದು ಮಾತು ಕೇಳುತ್ತಾರೆ: "ವಾಲ್ವು ನಾವ ಅರೀತೀವ್ರಿ. ಪ್ಯಾಟ್ಯಾಗ ಒಂದು ಪೆಟಿಗಿ ತುಂಬ ಹತ್ಯಾರ ತೋರಸ್ತಾರ. ಯಾವ್ದು ತರೂಣು?" ಇಂದಿನ ಮಾತು ಈ ಪ್ರಶ್ನೆಗೆ ಉತ್ತರ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೋಡುವ ಸಾಮಾನು ಮತ್ತು ಕೈಯಿಂದ ಅರೆಯುವ ಸಾಮಾನು ಮನೆಯಲ್ಲಿರಲಿ. ಕೊರೆಯುವ ಸಾಮಾನು ಕಾರಖಾನೆಯಲ್ಲಿರಲಿ. ಯಾಕಂದರೆ ಸೀಟಿನಿಂದ ಒಮ್ಮೆ ತೆಗೆದ ಲೋಹ ತಿರುಗಿ ಬರುವದಿಲ್ಲ.

ವಾಲ್ವು ಮಾಡುವ ಕೆಲಸ

ಹಿಂದೆ ನಮ್ಮ ಊರುಗಳಲ್ಲಿ ಜೋಳ ತುಂಬಿದ ಹಗೇವಿನ ಬಾಯನ್ನು ಎಷ್ಟು ಬಿಗಿಯಾಗಿ ಮುಚ್ಚುತ್ತಿದ್ದರೆಂಬದು ಹಿರಿಯರಿಗೆ ಗೊತ್ತಿದೆ. ಬಾಯಲ್ಲಿ ಸಣ್ಣ ಸಂದು ಉಳಿದರೂ ಒಳಗಿನ ಕಾಳು ಕೆಡುತ್ತಿತ್ತು. ಇಂಜಿನ್ನಿನ ಹೆಡ್ಡಿನಲ್ಲಿಯೂ ಎರಡು ಬಾಯಿಗಳಿವೆ. ಒಂದರಿಂದ ಗಾಳಿ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಹೊರಗೆ ಹೋಗುತ್ತದೆ. ಆ ಎರಡು ಬಾಯಿಗಳ ಮುಚ್ಚಳವೇ ವಾಲ್ವು. ಮುಚ್ಚಳ ಕೂಡ್ರುವ ಓರೆ ಅಂಚೇ ಸೀಟು.

ಡೀಸೆಲ್ ಇಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ಗು ಇಲ್ಲ. ಪಿಸ್ಟನ್ನು ಗಾಳಿಯನ್ನು ಹದಿನಾರು ಹದಿನೇಳು ಪಾಲು ಒತ್ತಿದಾಗ ಆ ಗಾಳಿಯೇ ಕಾಯ್ದು ಎಣ್ಣೆಗೆ ಬೆಂಕಿ ಹಚ್ಚುತ್ತದೆ. ಒತ್ತುವಾಗ ವಾಲ್ವಿನ ಸಂದಿನಿಂದ ಗಾಳಿ ಜಾರಿಹೋದರೆ ಕಾವು ಸಾಲದು, ಎಣ್ಣೆ ಉರಿಯದೆ ಬಿಳಿ ಹೊಗೆಯಾಗಿ ಹೋಗುತ್ತದೆ.

ಈ ಮುಚ್ಚಳಕ್ಕೆ ಬೀಳುವ ಕೆಲಸ ಎಷ್ಟೆಂದರೆ, ನಿಮಿಷಕ್ಕೆ 1500 ಸುತ್ತು ತಿರುಗುವ ಇಂಜಿನ್ನಿನಲ್ಲಿ ಒಂದು ವಾಲ್ವು ನಿಮಿಷಕ್ಕೆ 750 ಸಲ ಬಂದು ಸೀಟಿಗೆ ಬಡಿಯುತ್ತದೆ. ಒಂದು ತಾಸಿಗೆ 45,000 ಸಲ. 650 ಸುತ್ತಿನ ಹಳೆಯ ಲಿಸ್ಟರ್ ಮಾದರಿಯ ಇಂಜಿನ್ನಿನಲ್ಲಾದರೂ ತಾಸಿಗೆ 19,500 ಸಲ. ಇದರ ಮೇಲೆ, ಹೊಗೆಯ ವಾಲ್ವಿನ ತಲೆ ಕೆಂಪಗೆ ಕಾಯುವಷ್ಟು ಬಿಸಿಯಲ್ಲಿ ದುಡಿಯುತ್ತದೆ. ಆ ಬಿಸಿ ಇಳಿದುಹೋಗುವ ಮುಖ್ಯ ದಾರಿಯೂ ಸೀಟೇ. ವಾಲ್ವು ಸೀಟಿಗೆ ಸರಿಯಾಗಿ ತಾಗದಿದ್ದರೆ ಗಾಳಿ ಸೋರುವದಷ್ಟೇ ಅಲ್ಲ, ವಾಲ್ವೂ ಸುಟ್ಟುಹೋಗುತ್ತದೆ.

ಬಿಚ್ಚುವ ಮೊದಲು ನೋಡಿರಿ

ಇಂಜಿನ್ನು ಚಾಲೂ ಆಗಲಿಲ್ಲವೆಂದು ಕೂಡಲೆ ಹೆಡ್ಡು ಬಿಚ್ಚಬಾರದು. ಡೀಸೆಲ್ ಬಂದು ಮಾಡಿ, ಹ್ಯಾಂಡಲ್ಲನ್ನು ನಿಧಾನವಾಗಿ ತಿರುವಿರಿ. ಗಾಳಿ ಒತ್ತುವ ಹಂತದಲ್ಲಿ ಅದು ಕೈಯನ್ನು ಹಿಂದಕ್ಕೆ ನೂಕಬೇಕು. ನೂಕದೆ ಮೆತ್ತಗೆ ದಾಟಿ ಹೋದರೆ ಗಾಳಿ ಸೋರುತ್ತಿದೆ ಎಂದು ತಿಳಿಯಿರಿ. ಆಗ ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು. ಗಾಳಿ ಶೋಧಕದಲ್ಲಿ ಸುಯ್ ಎಂದರೆ ಗಾಳಿಯ ವಾಲ್ವು. ಸೈಲೆನ್ಸರಿನಲ್ಲಿ ಸುಯ್ ಎಂದರೆ ಹೊಗೆಯ ವಾಲ್ವು. ಕೆಳಗೆ ಎಣ್ಣೆ ಹಾಕುವ ಬಾಯಲ್ಲಿ ಕೇಳಿಸಿದರೆ ಅದು ರಿಂಗಿನ ದೋಷ, ವಾಲ್ವು ಅರೆದು ಉಪಯೋಗವಿಲ್ಲ.

ವಾಲ್ವೇ ಸೋರುತ್ತಿದ್ದರೂ ಮೊದಲು ಟ್ಯಾಪೆಟ್ ಸಂದು ನೋಡಬೇಕು. ವಾಲ್ವು ಸವೆದು ಸೀಟಿನೊಳಗೆ ಇಳಿದಂತೆ ಅದರ ದಂಡ ಮೇಲೆ ಏರುತ್ತದೆ, ಸಂದು ಮುಚ್ಚುತ್ತದೆ. ಸಂದು ಪೂರಾ ಮುಚ್ಚಿದರೆ ವಾಲ್ವು ಸೀಟಿಗೆ ಕೂಡ್ರುವದೇ ಇಲ್ಲ. ಎಷ್ಟೋ ಇಂಜಿನ್ನುಗಳಲ್ಲಿ ಸಂದು ಸರಿ ಮಾಡಿದರೆ ಸಾಕು, ಅರೆಯುವ ಕೆಲಸವೇ ಬೀಳುವದಿಲ್ಲ. ಆದಕಾರಣ ನೀವು ಕೊಳ್ಳತಕ್ಕ ಮೊದಲನೆಯ ಸಾಮಾನು ಅರೆಯುವದಲ್ಲ, ಅಳೆಯುವದು: ತೆಳುವಾದ ಎಲೆಗಳಿರುವ ಫೀಲರ್ ಗೇಜು. ಎಲೆಗಳ ಮೇಲೆ ಅಂಕಿ ಸ್ಪಷ್ಟವಾಗಿರಬೇಕು, ತುಕ್ಕು ಇರಬಾರದು. ಇಂಜಿನ್ನು ತಣ್ಣಗಿರಬೇಕೋ ಬಿಸಿಯಿರಬೇಕೋ, ಸಂದು ಎಷ್ಟಿರಬೇಕು ಎಂಬದು ನಿಮ್ಮ ಇಂಜಿನ್ನಿನ ಪುಸ್ತಿಕೆಯಲ್ಲಿದೆ, ಹಾಗೆಯೇ ಮಾಡಿರಿ.

ಮನೆಗೆ ಬೇಕಾದ ಸಾಮಾನು

ಸಂದು ಸರಿಯಿದ್ದೂ ಸೋರುತ್ತಿದ್ದರೆ ಹೆಡ್ಡು ಇಳಿಸಬೇಕು. ಪೇಟೆಗೆ ಹೋಗುವವರು ಇಳಿಸಿದ ಹೆಡ್ಡನ್ನೇ ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿರಿ. ಸಾಮಾನನ್ನು ಹೆಡ್ಡಿಗೆ ಹಚ್ಚಿ ನೋಡಿ ಕೊಳ್ಳಬೇಕು, ಬಾಯಿಮಾತಿನ ಅಳತೆಯಿಂದಲ್ಲ.

ಒಂದು, ಸ್ಪ್ರಿಂಗು ಒತ್ತುವ ಕ್ಲ್ಯಾಂಪು. ವಾಲ್ವನ್ನು ಹಿಡಿದ ಸ್ಪ್ರಿಂಗನ್ನು ಒತ್ತಿದರೆ ಮಾತ್ರ ಒಳಗಿನ ಎರಡು ಅರ್ಧ ಚೂರಿನ ಲಾಕು ಬಿಡುತ್ತದೆ. ಕೆಲವರು ಎರಡು ಪಾನಾ ಹಚ್ಚಿ ಮೀಟಿ ತೆಗೆಯುತ್ತಾರೆ. ಲಾಕು ಹಾರಿ ಕಣ್ಣಿಗೆ ಬಡಿದರೆ ಉಳಿಸಿದ ದುಡ್ಡು ಯಾವ ಲೆಕ್ಕಕ್ಕೆ? ಕ್ಲ್ಯಾಂಪು ಸಿ ಆಕಾರದ್ದಿರಲಿ. ಅದರ ಒಂದು ಕೊನೆ ವಾಲ್ವಿನ ತಲೆಯ ನಡುವೆ ನಿಂತಾಗ ಇನ್ನೊಂದು ಕೊನೆಯ ಕವಲು ಸ್ಪ್ರಿಂಗಿನ ಟೊಪ್ಪಿಗೆಯ ಮೇಲೆ ನೆಟ್ಟಗೆ ಕೂಡ್ರಬೇಕು, ಜಾರಬಾರದು. ಒತ್ತುವಾಗ ಅದರ ಬೆನ್ನು ಬಾಗಿದರೆ ಅಂಥದನ್ನು ಕೊಳ್ಳಬೇಡಿರಿ. ಕೆಲಸ ಮಾಡುವಾಗ ಸ್ಪ್ರಿಂಗಿನ ಮೇಲೆ ಅರಿವೆ ಮುಚ್ಚಿರಿ, ಹುಡುಗರನ್ನು ದೂರ ಇಡಿರಿ.

ಎರಡು, ಅರೆಯುವ ಕೋಲು. ಕಟ್ಟಿಗೆಯ ಹಿಡಿಕೆ, ತುದಿಗೆ ರಬ್ಬರಿನ ಬಟ್ಟಲು, ಇಷ್ಟೇ ಅದು. ಬಟ್ಟಲು ವಾಲ್ವಿನ ತಲೆಗಿಂತ ತುಸು ಸಣ್ಣದಿರಬೇಕು. ದೊಡ್ಡದಾದರೆ ಅಂಚು ಹೊರಗೆ ಬಂದು ಹಿಡಿತ ತಪ್ಪುತ್ತದೆ. ಎರಡೂ ತುದಿಗೆ ಎರಡು ಅಳತೆಯ ಬಟ್ಟಲು ಇರುವ ಕೋಲು ಸಿಕ್ಕರೆ ಗಾಳಿಯ ವಾಲ್ವು, ಹೊಗೆಯ ವಾಲ್ವು ಎರಡಕ್ಕೂ ಆಗುತ್ತದೆ. ರಬ್ಬರು ಮೆತ್ತಗಿರಬೇಕು. ನಿಮ್ಮ ವಾಲ್ವಿನ ತಲೆಗೇ ಒತ್ತಿ ಎತ್ತಿ ನೋಡಿರಿ. ವಾಲ್ವು ಅಂಟಿ ಮೇಲೆ ಬಂದರೆ ಒಳ್ಳೆಯದು. ಕೆಲವು ಹಳೆಯ ವಾಲ್ವುಗಳ ತಲೆಯ ಮೇಲೆ ಸೀಳು ಇರುತ್ತದೆ. ಅಂಥದಕ್ಕೆ ಅಗಲ ಬಾಯಿಯ ಪೇಚಕಸವೇ ಸಾಕು, ಕೋಲೂ ಬೇಡ.

ಮೂರು, ಅರೆಯುವ ಪೇಸ್ಟು. ಒಂದೇ ಡಬ್ಬಿಯ ಒಂದು ಕಡೆ ಒರಟು, ಇನ್ನೊಂದು ಕಡೆ ನುಣುಪು ಇರುವದು ವಾಡಿಕೆ. ಮುಚ್ಚಳ ತೆರೆದು ನೋಡಿರಿ. ಒಣಗಿ ಗಟ್ಟಿಯಾಗಿದ್ದರೆ ಬೇಡ. ಕಾಳಿನ ನಂಬರು ಬರೆದಿದ್ದರೆ ದೊಡ್ಡ ನಂಬರು ನುಣುಪು, ಸಣ್ಣ ನಂಬರು ಒರಟು ಎಂದು ತಿಳಿಯಿರಿ. ಮನೆಯ ಕೆಲಸಕ್ಕೆ ಹೆಚ್ಚಾಗಿ ನುಣುಪೇ ಸಾಕು. ಉಸುಕು, ಗಾಜಿನ ಪುಡಿ, ಸಾಣೆಯ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವ ಉಪಾಯ ಮಾಡಬಾರದು. ಕಾಳು ಒಂದೇ ಸಮನಾಗಿ ಇರದೆ ಗೀರು ಬೀಳುತ್ತದೆ.

ನಾಲ್ಕು, ಗುರುತು ನೋಡುವ ಸಾಮಾನು. ಪ್ರಶಿಯನ್ ಬ್ಲೂ ಎಂಬ ನೀಲಿ ಬಣ್ಣದ ಒಂದು ಸಣ್ಣ ಟ್ಯೂಬು ಬಹಳ ವರ್ಷ ಬರುತ್ತದೆ. ಅದೂ ಇಲ್ಲವಾದರೆ ಮಕ್ಕಳ ಮೆತ್ತನೆಯ ಪೆನ್ಸಿಲು ನಡೆಯುತ್ತದೆ. ಇದರ ಸಂಗಡ ಮಿಲಿಮೀಟರು ಗುರುತಿನ ಉಕ್ಕಿನ ಪಟ್ಟಿ, ಒಂದು ಭೂತಕನ್ನಡಿ, ಒಂದು ಬ್ಯಾಟರಿ ದೀಪ. ಇವು ಎಲ್ಲಕ್ಕಿಂತ ಅಗ್ಗದ ಸಾಮಾನು. ಆದರೆ ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವು ಇವೇ.

ಅರೆಯುವ ರೀತಿ

ಗಾಳಿಯ ವಾಲ್ವು ಯಾವುದು, ಹೊಗೆಯದು ಯಾವುದು ಎಂದು ಗುರುತು ಮಾಡಿ, ಅದದರ ಸೀಟಿಗೇ ಅದನ್ನು ಅರೆಯಬೇಕು. ಮಸಿಯನ್ನೆಲ್ಲ ಕೆರೆದು ತೊಳೆಯಿರಿ. ಗೈಡಿನಲ್ಲಿ ವಾಲ್ವನ್ನು ತುಸು ಎತ್ತಿ ಆಚೀಚೆ ಅಲುಗಿಸಿರಿ. ಸಡಿಲಾಗಿ ಓಲಾಡಿದರೆ ಅಲ್ಲಿಗೇ ನಿಲ್ಲಿಸಿರಿ. ಗೈಡು ಸವೆದಿದ್ದರೆ ಎಷ್ಟು ಅರೆದರೂ ವಾಲ್ವು ದಿನಕ್ಕೊಂದು ಕಡೆ ಕೂಡ್ರುತ್ತದೆ.

ಗೈಡು ಬಿಗಿಯಿದ್ದರೆ ದಂಡಕ್ಕೆ ಒಂದು ಹನಿ ಎಣ್ಣೆ ಹಚ್ಚಿ, ವಾಲ್ವಿನ ಓರೆ ಅಂಚಿಗೆ ಮೂರು ನಾಲ್ಕು ಕಡೆ ಸಾಸಿವೆ ಕಾಳಿನಷ್ಟು ಪೇಸ್ಟು ಇಡಿರಿ. ದಂಡಕ್ಕೂ ಗೈಡಿಗೂ ಪೇಸ್ಟು ತಾಗಬಾರದು. ಕೋಲನ್ನು ಎರಡು ಅಂಗೈಗಳ ನಡುವೆ ಹಿಡಿದು, ಮಜ್ಜಿಗೆ ಕಡಗೋಲಿನ ಹಾಗೆ ಅರ್ಧ ಸುತ್ತು ಆಚೆ, ಅರ್ಧ ಸುತ್ತು ಈಚೆ ಹಗುರಾಗಿ ತಿರುವಿರಿ. ಹತ್ತು ಹದಿನೈದು ಸಲ ಆದ ಮೇಲೆ ವಾಲ್ವು ಎತ್ತಿ, ಕಾಲು ಸುತ್ತು ತಿರುಗಿಸಿ ಇಟ್ಟು ಮತ್ತೆ ಅರೆಯಿರಿ. ಮೊದಲು ಬರುವ ಕರಕರ ಸಪ್ಪಳ ಕಡಿಮೆಯಾಗಿ ಮೆತ್ತಗಾದಾಗ ಒರೆಸಿ ನೋಡಿರಿ.

ವಾಲ್ವಿನ ಮೇಲೂ ಸೀಟಿನ ಮೇಲೂ ಎಲ್ಲಿಯೂ ಕಡಿಯದ ಬೂದು ಬಣ್ಣದ ಉಂಗುರ ಕಂಡರೆ ಕೆಲಸವಾಯಿತು. ಹೊಳಪು ಬರಬೇಕಾಗಿಲ್ಲ. ಉಂಗುರದ ಅಗಲ ಸಣ್ಣ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮಿಲಿಮೀಟರು. ಬಹಳ ಸಪೂರವಾದರೆ ಬಿಸಿ ಇಳಿಯುವದಿಲ್ಲ. ಬಹಳ ಅಗಲವಾದರೆ ಒತ್ತುವ ಬಲ ಹಂಚಿಹೋಗಿ ಮಸಿ ಹಿಡಿಯುತ್ತದೆ. ಇನ್ನು ಪೆನ್ಸಿಲಿನಿಂದ ವಾಲ್ವಿನ ಅಂಚಿಗೆ ಅಡ್ಡಲಾಗಿ ಹತ್ತು ಗೆರೆ ಎಳೆದು, ಸೀಟಿನಲ್ಲಿಟ್ಟು ಕಾಲು ಸುತ್ತು ತಿರುಗಿಸಿರಿ. ಹತ್ತೂ ಗೆರೆ ಅಳಿಸಿರಬೇಕು.

ಕೊನೆಗೆ ಸ್ಪ್ರಿಂಗು ಹಾಕಿ, ಗಾಳಿ ಬರುವ ಬಾಯಿ ಮೇಲೆ ಬರುವಂತೆ ಹೆಡ್ಡನ್ನು ಓರೆ ಇಟ್ಟು ಡೀಸೆಲ್ ಸುರಿಯಿರಿ. ಐದು ನಿಮಿಷ ವಾಲ್ವಿನ ಅಂಚು ಒಣಗಿಯೇ ಇರಬೇಕು. ಹೊಗೆಯ ಬಾಯಿಗೂ ಹೀಗೆಯೇ ಮಾಡಿರಿ. ಈ ಪರೀಕ್ಷೆಗೆ ಹಿಂದೆ ಚಿಮಣಿ ಎಣ್ಣೆ ಬಳಸುತ್ತಿದ್ದರು, ಡೀಸೆಲ್ ಸಾಕು.

ಒಂದು ಮಾತು ಮರೆಯಬೇಡಿರಿ. ಪೇಸ್ಟಿನ ಕಾಳು ಸಾಮಾನ್ಯವಾಗಿ ಕಾರ್ಬೊರಂಡಂ, ಕಬ್ಬಿಣಕ್ಕಿಂತ ಎಷ್ಟೋ ಗಟ್ಟಿ. ಒರೆಸದೆ ಬಿಟ್ಟ ಚಿಟಿಕೆ ಪೇಸ್ಟು ಸಿಲಿಂಡರಿಗೆ ಇಳಿದರೆ ರಿಂಗನ್ನೂ ಬೋರನ್ನೂ ಅರೆಯುತ್ತದೆ. ಪರೀಕ್ಷೆಗೆ ಸ್ಪ್ರಿಂಗು ಹಾಕುವ ಮೊದಲೇ ಡೀಸೆಲ್ಲಿನಲ್ಲಿ ಎರಡು ಸಲ ತೊಳೆದು, ಬಿಳಿ ಅರಿವೆಯಿಂದ ಒರೆಸಿ, ಅರಿವೆ ಬಿಳಿಯಾಗಿಯೇ ಉಳಿಯುವ ತನಕ ಬಿಡಬಾರದು. ಅಕ್ಕತಂಗಿಯರೇ, ಈ ಕೆಲಸಕ್ಕೆ ಅಡಿಗೆಯ ಪಾತ್ರೆ ಕೇಳಿದರೆ ಕೊಡಬೇಡಿರಿ. ಬೇರೆ ಹಳೆಯ ತಗಡಿನ ತಾಟು ಇದಕ್ಕೇ ಮೀಸಲಿರಲಿ.

ಮನೆಗೆ ಬೇಡವಾದ ಸಾಮಾನು

ಪೆಟ್ಟಿಗೆಯಲ್ಲಿ ಬರುವ ಸೀಟು ಕಟರಿನ ಸೆಟ್ಟು, ಕರೆಂಟಿನ ಮೇಲೆ ತಿರುಗುವ ಸೀಟು ಅರೆಯುವ ಕಲ್ಲು, ಇವು ಕೆಟ್ಟ ಸಾಮಾನುಗಳಲ್ಲ. ತಿಳಿದವರ ಕೈಯಲ್ಲಿ ಇವೇ ಸರಿಯಾದ ಸಾಮಾನು. ಆದರೆ ಕಟರಿಗೆ ಗೈಡಿನಲ್ಲಿ ನಿಲ್ಲುವ ಪೈಲಟ್ ಎಂಬ ಸಲಾಕೆ ಬೇಕು, ಅದು ನಿಮ್ಮ ಗೈಡಿನ ಅಳತೆಗೇ ಇರಬೇಕು. ಗೈಡು ಸವೆದಿದ್ದರೆ ಸೀಟು ಓರೆಯಾಗಿಯೇ ಕೊರೆಯುತ್ತದೆ. ಸೀಟಿನ ಕೋನ ಹೆಚ್ಚಾಗಿ 45 ಡಿಗ್ರಿ, ಕೆಲವಕ್ಕೆ 30. ಅದರ ಮೇಲೆ ಕೆಳಗೆ ಬೇರೆ ಕೋನ ಕೊರೆದು ಉಂಗುರದ ಅಗಲ ಹೊಂದಿಸಬೇಕು. ಕಲ್ಲಿಗೆ ಮೇಲಿಂದ ಮೇಲೆ ವಜ್ರದ ಮೊನೆಯಿಂದ ಸಾಣೆ ಕೊಡಬೇಕು. ನಾಲ್ಕಾರು ವರುಷಕ್ಕೊಮ್ಮೆ ಬೀಳುವ ಕೆಲಸಕ್ಕೆ ಇಷ್ಟು ಸಾಮಾನು ಒಂದು ಮನೆಗೆ ಹೊರೆ. ಕೋಲು, ಪೇಸ್ಟು, ಗೇಜು ನೂರರ ಲೆಕ್ಕದ ಸಾಮಾನು; ಕಟರಿನ ಒಳ್ಳೆಯ ಸೆಟ್ಟು ಸಾವಿರಗಳ ಲೆಕ್ಕದ್ದು. 1880ರ ದಶಕದಿಂದ ರೈಲ್ವೆ ಕಾರಖಾನೆ ಇರುವ ಹುಬ್ಬಳ್ಳಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಸೀಟು ಕೊರೆಯಬಲ್ಲ ಕೈಗಳು ಅಲ್ಲಿವೆ.

ಕೈಕೆಲಸ ಬೇಸರವೆಂದು ಡ್ರಿಲ್ ಮಶೀನು ಹಚ್ಚುವವರೂ ಇದ್ದಾರೆ. ಕುಂದಗೋಳ ತಾಲೂಕಿನ ಒಂದು ಊರಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮೆಣಸಿನಗಿಡ ಹೂ ಬಿಟ್ಟ ಹೊತ್ತು, ಮಳೆ ಇಲ್ಲ, ಹೊಂಡದಲ್ಲಿ ನೀರಿದೆ, ಇಂಜಿನ್ನು ಚಾಲೂ ಆಗುವದಿಲ್ಲ. ಮನೆಯ ಹುಡುಗ ಜಾಣ. ಹೆಡ್ಡು ಬಿಚ್ಚಿ, ವಾಲ್ವಿನ ದಂಡಕ್ಕೆ ರಬ್ಬರ್ ನಳಿಗೆ ಸಿಗಿಸಿ, ಎರವಲು ತಂದ ಡ್ರಿಲ್ಲಿನಿಂದ ಒರಟು ಪೇಸ್ಟು ಹಾಕಿ ತಿರುಗಿಸಿದ. ಸೀಟು ಬೆಳ್ಳಿಯ ಕಾಲುಂಗುರದ ಹಾಗೆ ಹೊಳೆಯಿತು. ಆದರೆ ಇಂಜಿನ್ನು ಮೊದಲಿಗಿಂತ ಮೊಂಡಾಯಿತು. ಒಂದೇ ದಿಕ್ಕಿಗೆ ಜೋರಾಗಿ ತಿರುಗಿದ್ದರಿಂದ ಸೀಟಿನ ಸುತ್ತ ಗೀರು ಬಿದ್ದಿದ್ದವು, ಉಂಗುರ ಅಗಲವಾಗಿತ್ತು, ವಾಲ್ವು ಹೆಡ್ಡಿನೊಳಗೆ ಹುಗಿದುಹೋಗಿತ್ತು. ಹೊಸ ವಾಲ್ವು, ಹೊಸ ಸೀಟಿನ ಬಳೆ ಕೂಡ್ರಿಸಿ ತರುವಷ್ಟರಲ್ಲಿ ವಾರ ಕಳೆಯಿತು. ಅಷ್ಟರಲ್ಲಿ ಹೂವು ನೆಲ ಕಂಡಿತ್ತು. "ಮಶೀನ್ ಹಚ್ಚಿದ್ರ ಲಗೂ ಆಗ್ತೈತಿ ಅಂದ್ಕೊಂಡಿದ್ವಿ," ಎಂದರು ಆ ಮನೆಯ ಯಜಮಾನರು.

ವಾಲ್ವು ಹುಗಿದರೆ ಏನಾಗುತ್ತದೆ? ಒಂದು ಲೆಕ್ಕ ನೋಡಿರಿ. 80 ಮಿಲಿಮೀಟರು ಬೋರು, 110 ಮಿಲಿಮೀಟರು ಸ್ಟ್ರೋಕು ಇರುವ ಇಂಜಿನ್ನು ಗಾಳಿಯನ್ನು 17 ಪಾಲು ಒತ್ತುತ್ತದೆ ಎನ್ನೋಣ. ಪಿಸ್ಟನ್ನು ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 35 ಸಿ.ಸಿ. ಮಾತ್ರ. ಅಲ್ಲಿ 35 ಮಿಲಿಮೀಟರು ಅಗಲದ ಎರಡು ವಾಲ್ವುಗಳು ತಲಾ ಒಂದು ಮಿಲಿಮೀಟರು ಒಳಗೆ ಹೋದರೆ ಜಾಗ ಸುಮಾರು 2 ಸಿ.ಸಿ. ಹೆಚ್ಚುತ್ತದೆ, 17 ಪಾಲು ಇದ್ದದ್ದು 16ಕ್ಕೆ ಇಳಿಯುತ್ತದೆ. ಸೋರಿಕೆ ಇಲ್ಲದಿದ್ದರೂ ಚಳಿಯ ಮುಂಜಾವಿನಲ್ಲಿ ಇಂಜಿನ್ನು ಏಳುವದು ಕಷ್ಟವಾಗಬಹುದು. ಒಂದು ಮಿಲಿಮೀಟರಿನ ಬೆಲೆ ಇಷ್ಟು.

ಕಾರಖಾನೆಗೆ ಒಯ್ಯಬೇಕಾದ ಗುರುತುಗಳು

ನುಣುಪು ಪೇಸ್ಟಿನಿಂದ ಎರಡು ಮೂರು ಸಲ ಅರೆದರೂ ಕಪ್ಪು ಚುಕ್ಕೆ, ಕುಳಿ ಉಳಿದರೆ, ವಾಲ್ವಿನ ತಲೆಯ ಅಂಚು ಚಾಕುವಿನ ಹಾಗೆ ತೆಳ್ಳಗಾಗಿದ್ದರೆ, ದಂಡ ಬಾಗಿದ್ದರೆ, ಎರಡು ಸೀಟುಗಳ ನಡುವೆ ಸೀಳು ಕಂಡರೆ, ಇವಕ್ಕೆ ಮನೆಯಲ್ಲಿ ಔಷಧವಿಲ್ಲ. ತೆಳ್ಳಗಾದ ವಾಲ್ವು ಬೇಗ ಸುಡುತ್ತದೆ. ತುಂಡಾಗಿ ಬಿದ್ದರೆ ಪಿಸ್ಟನ್ನನ್ನೂ ಕೆಡಿಸುತ್ತದೆ. ಅದನ್ನು ಉಳಿಸುವದು ಜಿಪುಣತನವೇ ಹೊರತು ಉಳಿತಾಯವಲ್ಲ. ಕಾರಖಾನೆಯವರಿಗೆ "ಸೀಟು ಕೊರೆಯಿರಿ" ಎಂದಷ್ಟೇ ಹೇಳದೆ, "ಮೊದಲ ಗೈಡ್ ನೋಡ್ರಿ, ವಾಲ್ವು ಎಷ್ಟು ಒಳಗ ಕುಂತೈತಿ ಅಳೀರಿ" ಎಂದು ಹೇಳಿರಿ.

ಒಂದೇ ಊರಿನಲ್ಲಿ ಹತ್ತಿಪ್ಪತ್ತು ಇಂಜಿನ್ನುಗಳಿದ್ದು, ತರಬೇತಿ ಪಡೆದ ಹುಡುಗನೂ ಇದ್ದರೆ ಆಗ ಮಾತು ಬೇರೆ. ರೈತರ ಗುಂಪಿನಿಂದ ಒಂದು ಕೈ ಕಟರ್ ಸೆಟ್ಟು ಕೂಡಿ ಕೊಳ್ಳಬಹುದು. ಕೊಳ್ಳುವ ಮೊದಲು ಊರಿನ ಎಲ್ಲ ಇಂಜಿನ್ನುಗಳ ಗೈಡಿನ ಅಳತೆ, ಸೀಟಿನ ಕೋನ ಬರೆದುಕೊಳ್ಳಿರಿ. ಆ ಸೆಟ್ಟು ಒಬ್ಬನ ಜವಾಬುದಾರಿಯಲ್ಲಿರಲಿ; ಮನೆಮನೆಗೆ ತಿರುಗಿದ ಕಟರಿನ ಹಲ್ಲು ಉಳಿಯುವದಿಲ್ಲ. ಟ್ರ್ಯಾಕ್ಟರಿನ ಹೆಡ್ಡನ್ನು, ಗ್ಯಾರಂಟಿ ಮುಗಿಯದ ಇಂಜಿನ್ನನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿರಿ.

ಹೆಡ್ಡು ತಿರುಗಿ ಕೂಡ್ರಿಸುವಾಗ ಹೊಸ ಗ್ಯಾಸ್ಕೆಟ್ಟು ಹಾಕಿರಿ. ನಟ್ಟುಗಳನ್ನು ಒಮ್ಮೆಲೆ ಬಿಗಿಯದೆ, ಎದುರುಬದುರು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಟ್ಯಾಪೆಟ್ ಸಂದನ್ನು ಹೊಸದಾಗಿ ಹೊಂದಿಸಿರಿ. ಇಂಜಿನ್ನು ಕೆಲ ತಾಸು ಓಡಿದ ಮೇಲೆ ಆ ಸಂದನ್ನು ಇನ್ನೊಮ್ಮೆ ನೋಡಲೇಬೇಕು, ಯಾಕಂದರೆ ಹೊಸದಾಗಿ ಅರೆದ ವಾಲ್ವು ತುಸು ಇಳಿದು ಕೂಡ್ರುತ್ತದೆ.

ಇಷ್ಟರಲ್ಲಿ ನೆನಪಿಡತಕ್ಕ ಮಾತುಗಳು ಇವು:

ಮೊದಲು ಕಿವಿಗೊಟ್ಟು ಕೇಳಿರಿ, ಆಮೇಲೆ ಟ್ಯಾಪೆಟ್ ಸಂದು ಅಳೆಯಿರಿ, ಕೊನೆಗೆ ಹೆಡ್ಡು ಬಿಚ್ಚಿರಿ.

ಮನೆಗೆ ಫೀಲರ್ ಗೇಜು, ಸ್ಪ್ರಿಂಗಿನ ಕ್ಲ್ಯಾಂಪು, ರಬ್ಬರ್ ಬಟ್ಟಲಿನ ಕೋಲು, ಪೇಸ್ಟಿನ ಡಬ್ಬಿ, ಗುರುತಿನ ಬಣ್ಣ ಅಥವಾ ಪೆನ್ಸಿಲು, ಅಳತೆಯ ಪಟ್ಟಿ, ಭೂತಕನ್ನಡಿ, ಬ್ಯಾಟರಿ ದೀಪ ಸಾಕು.

ಕಟರು, ಕರೆಂಟಿನ ಕಲ್ಲು ತಿಳಿದವರ ಕೈಗೆ. ಡ್ರಿಲ್ ಮಶೀನು ಯಾರ ಕೈಗೂ ಬೇಡ.

ಬೂದು ಉಂಗುರ ಪೂರಾ ಆದ ಕೂಡಲೆ ಕೈ ನಿಲ್ಲಿಸಿರಿ.

ಈ ಎಲ್ಲ ಕೆಲಸಕ್ಕೆ ತಕ್ಕ ಕಾಲ ಬೇಸಿಗೆ, ಹೊಲದಲ್ಲಿ ಪೀಕು ಇಲ್ಲದ ದಿನಗಳು. ಮುಂಗಾರಿನ ಬಿತ್ತಿಗೆಗೆ ಕೂರಿಗೆಯ ತಾಳು ನೋಡಿಕೊಳ್ಳುವ ಹಾಗೆ ಆಗಲೇ ಒಂದು ದಿನ ಇಂಜಿನ್ನಿನ ಹ್ಯಾಂಡಲ್ಲನ್ನೂ ತಿರುವಿ ನೋಡಿರಿ. ಗಿಡ ಬಾಡಿದ ದಿನ ಹೆಡ್ಡು ಬಿಚ್ಚುವ ಪ್ರಸಂಗ ಬರುವದಿಲ್ಲ.